ಹೆಪ್ಪು ಕೂರುವ ನೆಲ

ಮೊಲದ ಮೆದುಳನ್ನು ಅಸಿಟೋನಿನಲ್ಲಿ ಅರೆಯುವುದು ನಾನು ಲ್ಯಾಬಿನಲ್ಲಿ ಕಲಿತ ಮೊದಲ ಕೆಲಸ. 1977ನೇ ಇಸವಿ. ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆಯ ಕೋಣೆ. ನಮ್ಮ ಹಿರಿಯ ಟೆಕ್ನಿಷಿಯನ್ ಮೆದುಳಿನ ಮೇಲಿನ ತೆಳುವಾದ ಪೊರೆಯನ್ನೂ ರಕ್ತನಾಳಗಳನ್ನೂ ಬಿಡಿಸಿ, ಕಲ್ಬತ್ತಿಗೆ ಹಾಕಿ, ಅಸಿಟೋನ್ ಸುರಿದು ನನ್ನ ಕೈಗೆ ಕುಟ್ಟಾಣಿ ಕೊಡುತ್ತಿದ್ದರು. ಮೊದಮೊದಲು ಅಂಟಂಟು. ಅಸಿಟೋನ್ ಬಸಿದು, ಹೊಸದು ಸುರಿದು, ಮತ್ತೆ ಅರೆದಂತೆ ಅಂಟು ಬಿಡುತ್ತಾ ಬಂದು ಕೊನೆಗೆ ಬೆರಳಿಗೆ ಹತ್ತದ ಪುಡಿಯಾಗುತ್ತಿತ್ತು. ಆ ಪುಡಿಯನ್ನು ಕ್ಲೋರೋಫಾರ್ಮಿನಲ್ಲಿ ನೆನೆಸಿ, ಅದು ಎಳೆದುಕೊಂಡ ಕೊಬ್ಬನ್ನು ಒಣಗಿಸಿ, ಉಪ್ಪುನೀರಿನಲ್ಲಿ ಕದಡಿದರೆ ನೀರು ಬೆರೆಸಿದ ಹಾಲಿನಂಥ ದ್ರವ. ಸೀಸೆಗೆ ಸೆಫಾಲಿನ್ ಎಂದು ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡುತ್ತಿದ್ದೆವು.

ಅದನ್ನು ಬಳಸುತ್ತಿದ್ದುದು ಎಪಿಟಿಟಿ ಎಂಬ ಪರೀಕ್ಷೆಗೆ. ರೋಗಿಯ ರಕ್ತವನ್ನು ಸಿಟ್ರೇಟಿನಲ್ಲಿ ಹಿಡಿದರೆ ಅದರ ಕ್ಯಾಲ್ಸಿಯಂ ಕಟ್ಟಿಹೋಗಿ ರಕ್ತ ಹೆಪ್ಪುಗಟ್ಟುವುದಿಲ್ಲ. ಕಣಗಳನ್ನು ಕೆಳಗೆ ಕೂರಿಸಿ ಮೇಲಿನ ಹಳದಿ ಪ್ಲಾಸ್ಮಾ ತೆಗೆದು, ಗಾಜಿನ ಕೊಳವೆಯಲ್ಲಿ 0.1 ಮಿಲಿಲೀಟರ್ ಹಾಕಿ, ಅಷ್ಟೇ ಸೆಫಾಲಿನ್ ಮತ್ತು ಬಿಳಿ ಜೇಡಿಯ ಮಿಶ್ರಣ ಸೇರಿಸಿ 37 ಡಿಗ್ರಿಯ ನೀರಿನಲ್ಲಿ ಇಡಬೇಕು. ಆಮೇಲೆ ಅಷ್ಟೇ ಕ್ಯಾಲ್ಸಿಯಂ ಕ್ಲೋರೈಡ್ ಬಿಟ್ಟು, ಅದೇ ಕ್ಷಣ ಸ್ಟಾಪ್‌ವಾಚ್ ಒತ್ತಿ, ಕೊಳವೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡುತ್ತಿರಬೇಕು. ನೀರಿನಂತೆ ಹರಿದಾಡುತ್ತಿದ್ದ ಪ್ಲಾಸ್ಮಾ ಮೂವತ್ತು ಮೂವತ್ತೈದನೇ ಸೆಕೆಂಡಿಗೆ ಒಂದು ಓರೆಯಲ್ಲಿ ತಟ್ಟನೆ ನಿಂತುಬಿಡುತ್ತದೆ. ಆ ನಿಲ್ಲುವ ಕ್ಷಣ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ.

ಕೆಲಸಕ್ಕೆ ಸೇರಿದ ಎರಡನೇ ತಿಂಗಳು ನಮ್ಮಣ್ಣನ ಪ್ಲಾಸ್ಮಾವನ್ನು ನಾನೇ ಹಿಡಿದು ನೋಡಿದೆ. ಅರವತ್ತು ಸೆಕೆಂಡು ಕಳೆಯಿತು, ತೊಂಬತ್ತು ಕಳೆಯಿತು, ಇನ್ನೂ ಹರಿಯುತ್ತಲೇ ಇತ್ತು. ಗೊತ್ತಿದ್ದ ವಿಷಯವೇ. ಅವನಿಗೆ ಹಿಮೋಫಿಲಿಯಾ ಎ. ಹದಿನೆಂಟನೇ ವಯಸ್ಸಿನಲ್ಲಿ ಒಂದು ಆಸ್ಪತ್ರೆಯಲ್ಲಿ ಏನೂ ಪರೀಕ್ಷಿಸದೆ ಹಲ್ಲು ಕಿತ್ತು ಕಳಿಸಿದ್ದರು; ಆರು ದಿನ ಬಾಯಲ್ಲಿ ರಕ್ತ ನಿಲ್ಲಲಿಲ್ಲ. ಅವನ ಮಂಡಿಗಳು ವರ್ಷಕ್ಕೆ ನಾಲ್ಕೈದು ಸಲ ಊದಿಕೊಂಡು ಕುಂಬಳಕಾಯಿಯಂತಾಗುತ್ತಿದ್ದವು. ಅಮ್ಮ ಮಂಜುಗಡ್ಡೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ರಾತ್ರಿಯಿಡೀ ಹಿಡಿದು ಕೂರುತ್ತಿದ್ದಳು. ಅಷ್ಟೆಲ್ಲ ಕಂಡಿದ್ದರೂ ಆ ಕೊಳವೆ ಹಿಡಿದ ಹೊತ್ತು ನನಗೆ ಬೇರೆಯೇ ಆಗಿ ಕಂಡಿತು. ಇಷ್ಟು ವರ್ಷ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಒಂದು ಹನಿ ದ್ರವ ನಿಲ್ಲದಿರುವುದರ ಕತೆಯಾಗಿತ್ತು.

ಹೆಪ್ಪುಗಟ್ಟುವುದು ಎಂಬ ಮಾತು ನಮಗೆ ಅಡುಗೆಮನೆಯಿಂದ ಬಂದದ್ದು. ಹಾಲಿಗೆ ಹೆಪ್ಪು ಹಾಕುತ್ತೇವೆ, ಮೊಸರಾಗುತ್ತದೆ. ರಕ್ತಕ್ಕೂ ಅದೇ ಮಾತು ಬಳಸುತ್ತೇವೆ. ಆದರೆ ಎರಡಕ್ಕೂ ಒಂದು ದೊಡ್ಡ ಅಂತರವಿದೆ, ಅದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಹಾಲಿನ ಪಾತ್ರೆಯಲ್ಲಿ ಹೆಪ್ಪು ಎಲ್ಲ ಕಡೆ ಬೆರೆತು ಇಡೀ ಪಾತ್ರೆ ಒಟ್ಟಿಗೆ ಗಟ್ಟಿಯಾಗುತ್ತದೆ. ರಕ್ತ ಹಾಗೆ ಮಾಡಿದರೆ ನಾವು ಬದುಕುವುದಿಲ್ಲ. ಬೆರಳು ಕೊಯ್ದಾಗ ಬೆರಳಲ್ಲಿ ಮಾತ್ರ ಹೆಪ್ಪುಗಟ್ಟಬೇಕು, ಹೃದಯದಲ್ಲಿ ಗಟ್ಟಬಾರದು. ಹಾಗಾಗಿ ರಕ್ತದ ಹೆಪ್ಪಿಗೆ ಕೂರಲು ಒಂದು ಜಾಗ ಬೇಕು. ನಾವು ಕಲ್ಬತ್ತಿನಲ್ಲಿ ಅರೆದು ಸೀಸೆಗೆ ತುಂಬುತ್ತಿದ್ದದ್ದು ಆ ಜಾಗವನ್ನೇ. ಅದು ಕೊಬ್ಬಿನ ತೆಳುವಾದ ಪೊರೆ. ಆ ಪೊರೆಯ ಮೇಲೆ ಕುಳಿತ ಪ್ರೋಟೀನನ್ನು ಕಣ್ಣಾರೆ ನೋಡಲು ಮನುಷ್ಯರು ಪಟ್ಟ ಪಾಡಿನ ಚರಿತ್ರೆಯನ್ನು ನನಗೆ ತಿಳಿದಷ್ಟು ಬರೆದಿಡಬೇಕೆಂದು ಈ ಬರಹ.

ಮೆದುಳಿನ ಕೊಬ್ಬು ಪರೀಕ್ಷೆಗೆ ಬಂದದ್ದು ಅನುಭವದಿಂದ. ಸಿದ್ಧಾಂತ ಆಮೇಲೆ ಬಂತು. 1935ರಲ್ಲಿ ಅಮೆರಿಕದ ಅರ್ಮಂಡ್ ಕ್ವಿಕ್ ಮೊಲದ ಮೆದುಳಿನ ಸಾರ ಹಾಕಿ ಪ್ರೋಥ್ರಾಂಬಿನ್ ಪರೀಕ್ಷೆ ರೂಪಿಸಿದರು. 1954ರಲ್ಲಿ ಬೆಲ್ ಮತ್ತು ಆಲ್ಟನ್ ಮೆದುಳಿನಿಂದ ಕ್ಲೋರೋಫಾರ್ಮ್ ಎಳೆದುಕೊಳ್ಳುವ ಕೊಬ್ಬು ಪ್ಲೇಟ್‌ಲೆಟ್ಟುಗಳ ಬದಲಿಗೆ ನಿಲ್ಲಬಲ್ಲದು ಎಂದು ತೋರಿಸಿದರು. ಪ್ಲೇಟ್‌ಲೆಟ್ ಎಂದರೆ ಗಾಯವಾದ ಕಡೆ ಮೊದಲು ಓಡಿಬಂದು ಅಂಟಿಕೊಳ್ಳುವ ರಕ್ತದ ಅತಿಸಣ್ಣ ಕಣ. ಅದರ ಕೆಲಸವನ್ನು ಸತ್ತ ಮೊಲದ ಮೆದುಳಿನ ಕೊಬ್ಬು ಮಾಡುತ್ತದೆ ಎಂದಾದರೆ, ಬೇಕಾಗಿರುವುದು ಜೀವಂತ ಕಣವಲ್ಲ, ಅದರ ಮೈಯ ಮೇಲ್ಮೈ ಎಂದು ಅರ್ಥ. ನಾನು ಅರೆಯುತ್ತಿದ್ದದ್ದು ಇವರ ಪಾಕವನ್ನೇ.

ಇದೇ ಕಾಲದಲ್ಲಿ ರಕ್ತದ ಅಂಶಗಳು ಒಂದೊಂದಾಗಿ ಪತ್ತೆಯಾಗುತ್ತಿದ್ದವು. 1952ರಲ್ಲಿ ಆಕ್ಸ್‌ಫರ್ಡಿನ ತಂಡವೊಂದು ಸ್ಟೀಫನ್ ಕ್ರಿಸ್ಮಸ್ ಎಂಬ ಹುಡುಗನ ರಕ್ತದಲ್ಲಿ ಕೊರತೆಯಾಗಿದ್ದ ಅಂಶ ಬೇರೆಯದೇ ಎಂದು ಕಂಡು ಆ ರೋಗಕ್ಕೆ ಅವನ ಹೆಸರನ್ನೇ ಇಟ್ಟಿತು. ಅದು ಇಂದಿನ ಫ್ಯಾಕ್ಟರ್ ಒಂಬತ್ತು. ನಮ್ಮಣ್ಣನಿಗೆ ಇಲ್ಲದಿದ್ದದ್ದು ಫ್ಯಾಕ್ಟರ್ ಎಂಟು. ಒಂಬತ್ತು ಕತ್ತರಿ ಇದ್ದಂತೆ, ಫ್ಯಾಕ್ಟರ್ ಹತ್ತನ್ನು ಕತ್ತರಿಸಿ ಎಚ್ಚರಿಸುತ್ತದೆ. ಎಂಟು ಕತ್ತರಿಸುವುದಿಲ್ಲ, ಕತ್ತರಿಯನ್ನೂ ಕತ್ತರಿಸಬೇಕಾದದ್ದನ್ನೂ ಹಿಡಿದು ಸರಿಯಾಗಿ ಕೂರಿಸುತ್ತದೆ. ಹಾಗೆಯೇ ಮುಂದಿನ ಮೆಟ್ಟಿಲಲ್ಲಿ ಹತ್ತಕ್ಕೆ ಐದು ಜೊತೆ. ಕೊನೆಗೆ ಥ್ರಾಂಬಿನ್, ಅದರಿಂದ ಫೈಬ್ರಿನ್ ಎಂಬ ನೂಲು.

ಆಕ್ಸ್‌ಫರ್ಡಿನ ಆ ತಂಡದಲ್ಲಿದ್ದ ರಾಬರ್ಟ್ ಮ್ಯಾಕ್‌ಫರ್ಲೇನ್ ಅವರ ದಾರಿ ನಮ್ಮ ಹೊಲಗಳ ಹಾವಿನಿಂದ ಹಾದುಹೋಗಿದೆ. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ 1796ರಲ್ಲಿ ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು. ನಾವು ಕೊಳಕುಮಂಡಲ ಎನ್ನುವ ಹಾವು ಅವರ ಹೆಸರಿನಲ್ಲೇ ಇಂಗ್ಲಿಷಿಗೆ ಹೋಯಿತು. ಅದರ ವಿಷ ರಕ್ತದ ಹತ್ತನೇ ಮತ್ತು ಐದನೇ ಅಂಶಗಳನ್ನು ನೇರವಾಗಿ ಕೆಣಕುತ್ತದೆ. ಕಚ್ಚಿಸಿಕೊಂಡವನ ದೇಹದಲ್ಲಿ ಅಂಶಗಳೆಲ್ಲ ಖರ್ಚಾಗಿಹೋಗಿ, ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಹಳ್ಳಿಯಿಂದ ಅಂಥವರನ್ನು ಎತ್ತಿಕೊಂಡು ಬಂದಾಗ ನಾವು ಇಂದಿಗೂ ಮಾಡುವ ಪರೀಕ್ಷೆ ಒಂದೇ: ಸ್ವಚ್ಛವಾದ ಒಣ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಿಡಿದು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ಪ್ಲಾಸ್ಟಿಕ್ ಕೊಳವೆ ಆಗದು. ಗಾಜಿನ ಮೈಯೇ ಹೆಪ್ಪನ್ನು ಶುರುಮಾಡಬೇಕು. ಅಲ್ಲಿಯೂ ಮೇಲ್ಮೈಯದೇ ಮಾತು.

1934ರಲ್ಲಿ ಮ್ಯಾಕ್‌ಫರ್ಲೇನ್, ಲಂಡನ್ ಮೃಗಾಲಯದ ಸರೀಸೃಪ ವಿಭಾಗ ನೋಡಿಕೊಳ್ಳುತ್ತಿದ್ದ ಬರ್ಜೆಸ್ ಬಾರ್ನೆಟ್ ಜೊತೆ ಸೇರಿ, ಇದೇ ಕೊಳಕುಮಂಡಲದ ವಿಷವನ್ನು ಬಹಳ ತೆಳುಮಾಡಿ ಹಿಮೋಫಿಲಿಯಾ ರೋಗಿಗಳ ಗಾಯದ ಮೇಲೆ ಹಚ್ಚಿ ರಕ್ತ ನಿಲ್ಲಿಸಬಹುದೆಂದು ಬರೆದರು. ಹಲ್ಲು ಕಿತ್ತ ಗಾಯಕ್ಕೂ ಅದನ್ನು ಹಚ್ಚಿದರು. ಅಣ್ಣನ ಆ ಆರು ದಿನಗಳನ್ನು ನೆನೆದಾಗ ನನಗೆ ಈ ಸಂಗತಿ ತುಂಬಾ ಕಾಡುತ್ತದೆ. ನಮ್ಮ ಕಬ್ಬಿನ ಗದ್ದೆಯ ಬದುವಿನಲ್ಲಿ ಮಲಗಿದ್ದ ಹಾವಿನ ಬಾಯಲ್ಲಿ ಅವನ ಗಾಯಕ್ಕೆ ಮದ್ದಿತ್ತು.

ಮೂವತ್ತು ವರ್ಷದ ನಂತರ, 1964ರಲ್ಲಿ, ಅದೇ ಮ್ಯಾಕ್‌ಫರ್ಲೇನ್ ಅಂಶಗಳನ್ನೆಲ್ಲ ಸಾಲಾಗಿ ಜೋಡಿಸಿ, ಒಂದು ಮತ್ತೊಂದನ್ನು ಎಬ್ಬಿಸುತ್ತಾ ಸಣ್ಣ ಸೂಚನೆ ದೊಡ್ಡ ಪ್ರವಾಹವಾಗುತ್ತದೆ ಎಂದು ವಿವರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಡೇವಿ ಮತ್ತು ರಾಟ್ನಾಫ್ ಅದನ್ನೇ ಸ್ವತಂತ್ರವಾಗಿ ಕಂಡು ಜಲಪಾತ ಎಂದು ಕರೆದರು. ಈ ಚಿತ್ರ ನಮ್ಮ ಲ್ಯಾಬಿನ ಗೋಡೆಯ ಮೇಲೂ ಇತ್ತು. ಬಾಣದ ಗುರುತುಗಳು, ರೋಮನ್ ಅಂಕಿಗಳು. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಆದರೆ ಜೋಗದ ನೀರು ಬೀಳಬೇಕಾದರೆ ಬಂಡೆ ಬೇಕು. ಗೋಡೆಯ ಚಿತ್ರದಲ್ಲಿ ಬಾಣಗಳ ಪಕ್ಕ ಸಣ್ಣ ಅಕ್ಷರದಲ್ಲಿ ‘ಪಿಎಲ್’ ಎಂದು ಬರೆದಿತ್ತು, ಫಾಸ್ಫೋಲಿಪಿಡ್ ಎಂಬುದಕ್ಕೆ. ಬಂಡೆ ಇದ್ದದ್ದು ಆ ಎರಡಕ್ಷರದಲ್ಲಿ ಅಷ್ಟೆ.

ಆ ಬಂಡೆಯ ಕಡೆ ಮೊದಲು ಸರಿಯಾಗಿ ನೋಡಿದವರಲ್ಲಿ ಕೇಂಬ್ರಿಜ್ ಬಳಿಯ ಬಾಬ್ರಹಾಂನ ಅಲೆಕ್ ಬ್ಯಾಂಗಂ ಒಬ್ಬರು. ಯಾವ ಕೊಬ್ಬು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಯಾವುದು ಇಲ್ಲ ಎಂದು ಪರೀಕ್ಷಿಸುತ್ತಾ 1961ರಲ್ಲಿ ಅವರು ಹೇಳಿದ್ದು: ಕೊಬ್ಬಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರಬೇಕು. ಈ ಕೊಬ್ಬುಗಳು ನೀರಿನಲ್ಲಿ ಯಾವ ರೂಪದಲ್ಲಿರುತ್ತವೆ ಎಂದು ತಿಳಿಯಲು ರಾಬರ್ಟ್ ಹಾರ್ನ್ ಜೊತೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ಈರುಳ್ಳಿಯ ಸಿಪ್ಪೆಗಳಂತೆ ಒಂದರೊಳಗೊಂದು ಮುಚ್ಚಿಕೊಂಡ ಪೊರೆಗಳು ಕಂಡವು. 1964ರಲ್ಲಿ ಪ್ರಕಟವಾದ ಆ ಚಿತ್ರಗಳಲ್ಲಿದ್ದವೇ ಇಂದು ಲೈಪೋಸೋಮ್ ಎಂದು ಔಷಧದಂಗಡಿಯವರಿಗೂ ಗೊತ್ತಿರುವ ಗುಳ್ಳೆಗಳು. ನನ್ನ ಸೆಫಾಲಿನ್ ಸೀಸೆಯ ಹಾಲುಬಣ್ಣ ಅಂಥ ಕೋಟ್ಯಂತರ ಗುಳ್ಳೆಗಳಿಂದ ಬಂದದ್ದು. ಹೆಪ್ಪಿನ ನೆಲವನ್ನೇ ಮೊದಲು ಎಲೆಕ್ಟ್ರಾನ್ ಕಣ್ಣು ಕಂಡಿತು. ಅದರ ಮೇಲೆ ಕೂರುವವರನ್ನು ಕಾಣಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಯಾಕೆ ಪೊರೆ ಬೇಕು ಎಂಬುದಕ್ಕೆ ಉತ್ತರ ಮೆಲ್ಲಮೆಲ್ಲನೆ ಕೂಡಿತು. ಸುಮ್ಮನಿರುವ ಪ್ಲೇಟ್‌ಲೆಟ್ ತನ್ನ ಪೊರೆಯ ಒಳಮುಖದಲ್ಲಿ ಫಾಸ್ಫಟಿಡಿಲ್‌ಸೆರೀನ್ ಎಂಬ ಋಣಾಂಶದ ಕೊಬ್ಬನ್ನು ಬಚ್ಚಿಟ್ಟಿರುತ್ತದೆ. ಗಾಯ ಕಂಡೊಡನೆ ಅದನ್ನು ಹೊರಮುಖಕ್ಕೆ ಮಗುಚುತ್ತದೆ. ಒಂಬತ್ತು, ಹತ್ತು, ಪ್ರೋಥ್ರಾಂಬಿನ್ ಇವುಗಳ ತುದಿಯಲ್ಲಿ ವಿಟಮಿನ್ ಕೆ ನೆರವಿನಿಂದ ತಯಾರಾದ ವಿಶೇಷ ಅಮೈನೋ ಆಮ್ಲಗಳಿವೆ; ಅವನ್ನು ಗುರುತಿಸಿದ್ದು 1974ರಲ್ಲಿ. ಅವು ಕ್ಯಾಲ್ಸಿಯಂ ಹಿಡಿದುಕೊಂಡು ಆ ಕೊಬ್ಬಿಗೆ ಕಚ್ಚಿಕೊಳ್ಳುತ್ತವೆ. ನಾನು ಕೊನೆಯಲ್ಲಿ ಬಿಡುತ್ತಿದ್ದ ಕ್ಯಾಲ್ಸಿಯಂ ಹನಿಯ ಕೆಲಸ ಅದು. ಎಂಟು ಮತ್ತು ಐದು ತಮ್ಮದೇ ಪಾದ ಊರಿ ಕೂರುತ್ತವೆ. ಜಾತ್ರೆಯ ಬಯಲಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ಹುಡುಕುವುದಕ್ಕೂ ಒಂದೇ ಜಗಲಿಯ ಮೇಲೆ ಕೂತವರು ಕೈಗೆ ಸಿಗುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಹತ್ತನೇ ಅಂಶ ಒಂಟಿಯಾಗಿ ಮಾಡುವ ಕೆಲಸಕ್ಕಿಂತ ಐದರ ಜೊತೆ ಪೊರೆಯ ಮೇಲೆ ಕೂತು ಮಾಡುವ ಕೆಲಸ ಸುಮಾರು 3 ಲಕ್ಷ ಪಟ್ಟು ಬಿರುಸು. ಲೆಕ್ಕ ಹಾಕಿದರೆ, ಪೊರೆಯ ಮೇಲೆ ಒಂದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಒಂಟಿಯಾಗಿ ಸುಮಾರು ಏಳು ತಿಂಗಳು. ಏಳು ತಿಂಗಳು ಯಾವ ಗಾಯವೂ ಕಾಯುವುದಿಲ್ಲ.

ಇನ್ನು ಯಂತ್ರದ ಕತೆ. ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಬರ್ಲಿನ್ನಿನಲ್ಲಿ 1931ರಲ್ಲಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದರು. ರುಸ್ಕಾರ ತಮ್ಮ ಹೆಲ್ಮುಟ್ ವೈದ್ಯ. ಅಣ್ಣನ ಯಂತ್ರವನ್ನು ರೋಗ ಮತ್ತು ರಕ್ತದ ಕಡೆ ತಿರುಗಿಸಿದವರು ಅವರು. 1939ರಲ್ಲೇ ವೋಲ್ಪರ್ಸ್ ಜೊತೆ ಸೇರಿ ಹೆಪ್ಪುಗಟ್ಟುವ ರಕ್ತದ ಎಲೆಕ್ಟ್ರಾನ್ ಚಿತ್ರಗಳನ್ನು ಒಂದು ಜರ್ಮನ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬ ಯಂತ್ರ ಕಟ್ಟಿದ, ಇನ್ನೊಬ್ಬ ಅದಕ್ಕೆ ರಕ್ತ ತೋರಿಸಿದ. ಆ ಅಣ್ಣತಮ್ಮಂದಿರ ನೆನಪು ನನಗೆ ಬೇಗ ಬರುತ್ತದೆ.

ತೊಡಕು ಬೇರೆ ಇತ್ತು. ಯಂತ್ರದೊಳಗೆ ನಿರ್ವಾತ, ನೀರು ಇಟ್ಟರೆ ಆರಿಹೋಗುತ್ತದೆ. ರಕ್ತದ ಪ್ರೋಟೀನು ನೀರಿಲ್ಲದೆ ಮುದುಡುತ್ತದೆ. ಸಾಲದ್ದಕ್ಕೆ ಎಲೆಕ್ಟ್ರಾನುಗಳಿಗೆ ಪ್ರೋಟೀನು ಗಾಜಿನಂತೆ ಪಾರದರ್ಶಕ, ಹೆಚ್ಚು ಹೊತ್ತು ಹಾಯಿಸಿದರೆ ಸುಟ್ಟೇಹೋಗುತ್ತದೆ. ಹಾಗಾಗಿ ಒಣಗಿದ ಅಣುವಿನ ಮೇಲೆ ಓರೆಯಾಗಿ ಲೋಹದ ಆವಿ ಬೀರಿ, ಸಂಜೆಯ ಬಿಸಿಲಿನಲ್ಲಿ ಕಲ್ಲಿನ ನೆರಳು ನೋಡಿದಂತೆ ನೋಡುತ್ತಿದ್ದರು. ಸೆಸಿಲ್ ಹಾಲ್ ಮತ್ತು ಹೆನ್ರಿ ಸ್ಲೇಟರ್ 1959ರಲ್ಲಿ ಹೀಗೆ ಫೈಬ್ರಿನೋಜನ್ ಅಣು ನೋಡಿ, ಅದು ಮೂರು ಗಂಟಿನ ಒಂದು ದಾರದಂತಿದೆ, ಉದ್ದ 47.5 ನ್ಯಾನೋಮೀಟರ್ ಎಂದರು. ತಲೆಗೂದಲಿನ ದಪ್ಪದಲ್ಲಿ ಅಂಥವನ್ನು ಉದ್ದಕ್ಕೆ ಸಾವಿರಕ್ಕೂ ಹೆಚ್ಚು ಜೋಡಿಸಬಹುದು. ಅದೇ ವರ್ಷ ಬ್ರೆನ್ನರ್ ಮತ್ತು ಹಾರ್ನ್ ಭಾರಲೋಹದ ಉಪ್ಪಿನಲ್ಲಿ ಅಣುವನ್ನು ಮುಳುಗಿಸಿ, ಸುತ್ತಲ ಕಪ್ಪಿನ ನಡುವೆ ಅಣು ಬೆಳ್ಳಗೆ ಕಾಣುವ ಉಪಾಯ ಎಲ್ಲರ ಕೈಗೆಟುಕುವಂತೆ ಮಾಡಿದರು.

ನಾನು ಆ ಬೆಳಕನ್ನು ಒಂದೇ ಸಲ ಕಂಡಿದ್ದೇನೆ. 1988ರಲ್ಲಿ ಬೆಂಗಳೂರಿಗೆ ಹತ್ತು ದಿನದ ತರಬೇತಿಗೆ ಕಳಿಸಿದ್ದರು. ಕತ್ತಲ ಕೋಣೆ, ಎದೆಯೆತ್ತರದ ಉಕ್ಕಿನ ಕಂಬ, ಅದರ ಬುಡದಲ್ಲಿ ದಪ್ಪ ಗಾಜಿನ ಕಿಟಕಿ, ಒಳಗೆ ಹಸಿರಾಗಿ ಹೊಳೆಯುವ ಪರದೆ. ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲೆ ಒಂದು ಹನಿ ಫೈಬ್ರಿನ್ ಇಟ್ಟು, ಯುರೇನಿಯಂ ಉಪ್ಪಿನ ಹನಿಯಲ್ಲಿ ಅದ್ದಿ, ಸೋಸುಕಾಗದದ ಅಂಚಿನಿಂದ ತೇವ ಹೀರಿಸಿದ್ದು ನಾನೇ. ಪರದೆ ಹದಕ್ಕೆ ಬಂದಾಗ ಒಂದು ನೂಲು ಕಂಡಿತು, ನೂಲಿನ ಉದ್ದಕ್ಕೂ ಅಡ್ಡಪಟ್ಟೆಗಳು. ಇಳಕಲ್ ಸೀರೆಯ ಅಂಚಿನ ಗೀರುಗಳಷ್ಟು ಒಪ್ಪ. ಪಟ್ಟೆಯಿಂದ ಪಟ್ಟೆಗೆ 22.5 ನ್ಯಾನೋಮೀಟರ್, ಅಣುವಿನ ಉದ್ದದ ಅರ್ಧಕ್ಕೆ ಹತ್ತಿರ, ಯಾಕೆಂದರೆ ಒಂದು ಅಣು ಇನ್ನೊಂದರ ಅರ್ಧಕ್ಕೆ ಸರಿದು ಹೆಣೆದುಕೊಳ್ಳುತ್ತದೆ. ಓರೆ ಮಾಡಿದ ಕೊಳವೆಯಲ್ಲಿ ಪ್ಲಾಸ್ಮಾ ತಟ್ಟನೆ ನಿಲ್ಲುವಾಗ ಆಗುವುದು ಇದು ಎಂದು ಅಂದು ತಿಳಿಯಿತು. ಅಣ್ಣ ತೀರಿಕೊಂಡು ಆಗಲೇ ನಾಲ್ಕು ವರ್ಷ. ಅವನ ರಕ್ತದಲ್ಲೂ ಈ ದಾರಕ್ಕೆ ಬೇಕಾದ ಫೈಬ್ರಿನೋಜನ್ ಬೇಕಾದಷ್ಟಿತ್ತು. ನೂಲಿತ್ತು, ನೇಯಲು ಅಪ್ಪಣೆ ಬರಲಿಲ್ಲ.

ಅಪ್ಪಣೆ ಕೊಡುವ ಆ ಎಂಟನೇ ಅಂಶ ಎಷ್ಟು ಕಡಿಮೆ ಎಂದರೆ, ಬೆಳೆದ ಮನುಷ್ಯನ ಮೈಯ ಇಡೀ ರಕ್ತದಲ್ಲಿ ಅದು ಸುಮಾರು ಅರ್ಧ ಮಿಲಿಗ್ರಾಂ. ಸಕ್ಕರೆಯ ಒಂದು ಹರಳಿನಷ್ಟು. ಅಷ್ಟರಿಂದ ಶುದ್ಧ ಪ್ರೋಟೀನು ತೆಗೆದು ಅಭ್ಯಾಸ ಮಾಡುವುದು ಹರಸಾಹಸ. 1984ರಲ್ಲಿ ಅದರ ಜೀನ್ ಸಿಕ್ಕಿತು. 2,332 ಅಮೈನೋ ಆಮ್ಲಗಳ ಸರಪಳಿ, ಅದರಲ್ಲಿ ಎ1, ಎ2, ಬಿ, ಎ3, ಸಿ1, ಸಿ2 ಎಂಬ ಆರು ತುಂಡುಗಳು. ಅಣ್ಣ ತಲೆಯೊಳಗಿನ ರಕ್ತಸ್ರಾವದಿಂದ ಹೋದದ್ದೂ ಅದೇ ವರ್ಷ. ಸುದ್ದಿಯನ್ನು ನಾನು ಓದಿದ್ದು ಎಷ್ಟೋ ತಿಂಗಳ ಮೇಲೆ. ಓದಿ ಪತ್ರಿಕೆ ಮಡಚಿಟ್ಟೆ.

ಜೀನ್ ಸಿಕ್ಕ ಮೇಲೆ ಪ್ರೋಟೀನನ್ನು ಜೀವಕೋಶಗಳಲ್ಲಿ ಬೆಳೆಸಿಕೊಳ್ಳಬಹುದಾಯಿತು. ಆದರೆ ಅದರ ಆಕಾರ ನೋಡುವ ರೂಢಿಯ ದಾರಿ ಎಂದರೆ ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸುವುದು. ಹರಳಿನೊಳಗೆ ಪೊರೆ ಇರುವುದಿಲ್ಲ. ನಮಗೆ ಬೇಕಾದದ್ದು ಪೊರೆಯ ಮೇಲೆ ಕೂತ ಅಣುವಿನ ಭಂಗಿ. ಮೀನನ್ನು ದಡಕ್ಕೆ ಎಳೆದು ಅದು ಈಜುವುದನ್ನು ಹೇಗೆ ನೋಡುವುದು?

ಇದಕ್ಕೆ ದಾರಿ ಸಿಕ್ಕಿದ್ದು ನೀರಿನ ಮೇಲೆ ಎಣ್ಣೆ ಹರಡುವ ಹಳೆಯ ವಿದ್ಯೆಯಿಂದ. 1774ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಂಡನ್ನಿನ ಕ್ಲಾಪಂ ಕೊಳದಲ್ಲಿ ಒಂದು ಟೀಚಮಚದಷ್ಟು ಎಣ್ಣೆ ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ಶಾಂತಗೊಳಿಸಿದ್ದನ್ನು ಬರೆದರು. 1891ರಲ್ಲಿ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಎಂಬ ಹೆಣ್ಣುಮಗಳು, ಕಾಲೇಜು ಮೆಟ್ಟಿಲು ಹತ್ತಲಾಗದೆ ಮನೆಯಲ್ಲೇ ಉಳಿದವಳು, ಅಡುಗೆಮನೆಯಲ್ಲಿ ತಗಡಿನ ತೊಟ್ಟಿಯಲ್ಲಿ ನೀರಿಟ್ಟು ಅದರ ಮೇಲಿನ ಜಿಡ್ಡಿನ ಪದರವನ್ನು ಅಳೆದ ಪ್ರಯೋಗಗಳು ಲಾರ್ಡ್ ರೇಲಿಯವರ ಸಹಾಯದಿಂದ ‘ನೇಚರ್’ ಪತ್ರಿಕೆಯಲ್ಲಿ ಬಂದವು. ಅರ್ವಿಂಗ್ ಲ್ಯಾಂಗ್ಮ್ಯೂರ್ ಆ ದಾರಿಯನ್ನು ಶಾಸ್ತ್ರವಾಗಿಸಿದರು. ಕೊಬ್ಬಿನ ಅಣುಗಳು ನೀರಿನ ಮೇಲೆ ಒಂದೇ ಒಂದು ಅಣುವಿನ ದಪ್ಪದಲ್ಲಿ, ತಲೆ ನೀರಿಗೆ ಬಾಲ ಗಾಳಿಗೆ ಇಟ್ಟು ನಿಲ್ಲುತ್ತವೆ. ಅದು ಅರ್ಧ ಪೊರೆ.

1983ರಲ್ಲಿ ಉಜ್‌ಗಿರಿಸ್ ಮತ್ತು ರೋಜರ್ ಕೋರ್ನ್‌ಬರ್ಗ್ ಆ ಅರ್ಧ ಪೊರೆಯ ಕೆಳಗೆ ಪ್ರೋಟೀನುಗಳನ್ನು ಸಾಲುಗಟ್ಟಿಸುವ ಪದ್ಧತಿ ಹೇಳಿದರು. ಕೆಲಸ ನಡೆಯುವ ಬಗೆ ನನ್ನಂಥ ಲ್ಯಾಬಿನವಳಿಗೆ ಬಹಳ ಹಿಡಿಸುತ್ತದೆ. ಟೆಫ್ಲಾನಿನಲ್ಲಿ ಕೊರೆದ, ಹುಣಸೆ ಬೀಜ ಹಿಡಿಸುವಷ್ಟು ಗುಳಿ. ಅದರಲ್ಲಿ ಕ್ಯಾಲ್ಸಿಯಂ ಬೆರೆಸಿದ ಪ್ರೋಟೀನಿನ ಹನಿ, ಉಬ್ಬಿ ನಿಲ್ಲುವಷ್ಟು. ಆ ಉಬ್ಬಿನ ನೆತ್ತಿಗೆ ಕ್ಲೋರೋಫಾರ್ಮಿನಲ್ಲಿ ಕರಗಿಸಿದ ಫಾಸ್ಫಟಿಡಿಲ್‌ಸೆರೀನನ್ನು ಸೂಜಿಯ ತುದಿಯಷ್ಟು ಮುಟ್ಟಿಸಬೇಕು. ಕ್ಲೋರೋಫಾರ್ಮ್ ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಹಾರಿಹೋಗಿ ಕೊಬ್ಬು ನೀರಿನ ಮೈಯೆಲ್ಲ ಹಬ್ಬುತ್ತದೆ. ಹನಿ ಒಣಗದಂತೆ ತೇವದ ಡಬ್ಬಿಯಲ್ಲಿ ಮುಚ್ಚಿಟ್ಟು ಗಂಟೆಗಟ್ಟಲೆ ಕಾಯಬೇಕು. ಕೆಳಗಿನಿಂದ ಪ್ರೋಟೀನುಗಳು ಮೇಲೇರಿ ಕೊಬ್ಬಿನ ತಲೆಗಳಿಗೆ ಕಚ್ಚಿಕೊಂಡು, ಅತ್ತಿತ್ತ ಸರಿದು, ಒತ್ತಿಕೊಂಡು, ಕಡೆಗೆ ಹಾಸುಗಲ್ಲಿನ ಹಾಗೆ ಒಂದೇ ಪದರದ ಹರಳಾಗುತ್ತವೆ. ಮೇಲೆ ಇಂಗಾಲದ ಪೊರೆಯ ಜಾಲರಿಯನ್ನು ಮೆತ್ತಗೆ ಮಲಗಿಸಿ ಎತ್ತಿದರೆ ಆ ಹಾಸು ಅಂಟಿಕೊಂಡು ಬರುತ್ತದೆ, ಹಾಲಿನ ಕೆನೆ ಬೆರಳಿಗೆ ಬಂದಂತೆ.

ರಕ್ತದ ಹೆಪ್ಪಿಗೆ ಸಂಬಂಧಪಟ್ಟಂತೆ ಈ ವಿದ್ಯೆಯನ್ನು ಮುಂದೆ ಒಯ್ದವರಲ್ಲಿ ಆಲೇನ್ ಬ್ರಿಸ್ಸನ್ ಮುಖ್ಯರು. ಪೊರೆಯನ್ನು ಮುಚ್ಚಿ ಹೆಪ್ಪು ತಡೆಯಬಲ್ಲ ಅನೆಕ್ಸಿನ್ ಎಂಬ ಪ್ರೋಟೀನನ್ನು ಅವರ ತಂಡ ಮೊದಲು ಹೀಗೆ ಹಾಸಿತು. 1994ರಲ್ಲಿ ಸ್ವೆಟ್ಲಾ ಸ್ಟೊಯ್ಲೊವಾ, ಕೆನೆತ್ ಮನ್ ಮತ್ತು ಬ್ರಿಸ್ಸನ್ ಪೊರೆಯ ಮೇಲಿನ ಐದನೇ ಅಂಶದ ರಚನೆ ಪ್ರಕಟಿಸಿದರು. ಸ್ಟೊಯ್ಲೊವಾ ಎಂಟನ್ನು ಕೈಬಿಡಲಿಲ್ಲ. 1999ರಲ್ಲಿ ಅವರೂ ಸಂಗಡಿಗರೂ ಫ್ಯಾಕ್ಟರ್ ಎಂಟನ್ನು ಕೊಬ್ಬಿನ ಪದರದ ಮೇಲೆ ಹರಳುಗಟ್ಟಿಸಿದ ಚಿತ್ರ ಕೊಟ್ಟರು. ಆಮೇಲೆ ಜಾಲರಿಯನ್ನು ಬೇರೆ ಬೇರೆ ಕೋನಕ್ಕೆ ಓರೆ ಮಾಡಿ ತೆಗೆದ ಚಿತ್ರಗಳನ್ನು ಕೂಡಿಸಿ, 2002ರಲ್ಲಿ ಮೂರು ಆಯಾಮದ ನಕ್ಷೆ. ಓರೆ ಮಾಡಿ ನೋಡುವುದು! ನಾವು ಕೊಳವೆಯನ್ನು ಓರೆ ಮಾಡಿದೆವು, ಅವರು ಅಣುವನ್ನೇ ಓರೆ ಮಾಡಿದರು.

ಆ ನಕ್ಷೆಯ ಸೂಕ್ಷ್ಮತೆ 1.5 ನ್ಯಾನೋಮೀಟರ್. ಅಮೈನೋ ಆಮ್ಲಗಳು ಕಾಣುವುದಿಲ್ಲ. ಮುಂಜಾವಿನ ಮಂಜಿನಲ್ಲಿ ನಿಂತ ಮರದಂತೆ ಒಟ್ಟು ಆಕಾರ ಮಾತ್ರ. ಕೆಳಗೆ ಸಿ ತುಂಡು ಪೊರೆಗೆ ಊರಿಕೊಂಡಿದೆ, ಮೇಲೆ ಎ ತುಂಡುಗಳು ಗುಂಪಾಗಿವೆ. ಇಷ್ಟೇ. ಆದರೂ ಇಪ್ಪತ್ತೈದು ವರ್ಷ ಆ ಪ್ಲಾಸ್ಮಾವನ್ನು ಓರೆ ಮಾಡಿದ ನನಗೆ, ಪತ್ರಿಕೆಯ ಪುಟದಲ್ಲಿ ಆ ಬೂದು ಮುದ್ದೆಯನ್ನು ನೋಡಿದ ದಿನ ಕಣ್ಣು ತುಂಬಿತು. ಅಣ್ಣನಿಗೆ ಇಲ್ಲದಿದ್ದದ್ದು ಇದು. ಅದು ತಾನು ಕೂರಬೇಕಾದ ಜಾಗದಲ್ಲಿ ಕೂತಿತ್ತು.

2008ರಲ್ಲಿ ಎರಡು ತಂಡಗಳು ಎಕ್ಸ್-ರೇಯಿಂದ 0.4 ನ್ಯಾನೋಮೀಟರ್ ಆಸುಪಾಸಿನ ಸೂಕ್ಷ್ಮತೆಯಲ್ಲಿ ಫ್ಯಾಕ್ಟರ್ ಎಂಟನ್ನು ತೋರಿಸಿದವು. ಬಹಳ ಸ್ಪಷ್ಟ. ಸಿ1, ಸಿ2 ಎರಡೂ ಬುಡದಲ್ಲಿ ಪಕ್ಕಪಕ್ಕ, ಎರಡು ಪಾದಗಳಂತೆ. ಅಲ್ಲಿಗೆ ಎಲೆಕ್ಟ್ರಾನ್ ನಕ್ಷೆಯ ಕಾಲ ಮುಗಿಯಿತೆಂದು ಕೆಲವರಿಗೆ ಅನ್ನಿಸಿರಬಹುದು. ನನಗೆ ಹಾಗನ್ನಿಸಲಿಲ್ಲ. ಎಕ್ಸ್-ರೇ ಕೊಟ್ಟದ್ದು ಪೊರೆಯಿಲ್ಲದ ಅಣು. ಮನೆಯಲ್ಲಿ ತೆಗೆಸಿದ ಚಿತ್ರಕ್ಕೂ ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರಕ್ಕೂ ಮುಖ ಒಂದೇ ಇರಬಹುದು, ಕೂತ ರೀತಿ ಒಂದೇ ಅಲ್ಲ.

ನೀರಿನ ತೊಡಕು ಕೂಡ ಅಷ್ಟರಲ್ಲಿ ಬಗೆಹರಿದಿತ್ತು. 1980ರ ದಶಕದ ಮೊದಲಲ್ಲಿ ಹೈಡೆಲ್ಬರ್ಗಿನ ಯುರೋಪಿಯನ್ ಪ್ರಯೋಗಾಲಯದಲ್ಲಿ ಜಾಕ್ ದುಬೋಶೆ ಮತ್ತು ಸಂಗಡಿಗರು ನೀರಿನ ತೆಳುಪದರವನ್ನು ದ್ರವ ಈಥೇನಿನಲ್ಲಿ ಥಟ್ಟನೆ ಮುಳುಗಿಸಿ, ಮಂಜಿನ ಹರಳಾಗಲು ಬಿಡುವಿಲ್ಲದಂತೆ ಗಾಜಾಗಿಸಿದರು. ಅಣು ನೀರಿನಲ್ಲಿದ್ದಂತೆಯೇ ಸಿಕ್ಕಿಕೊಳ್ಳುತ್ತದೆ. ಒಣಗಿಸಬೇಕಿಲ್ಲ, ಯುರೇನಿಯಂ ಬಳಿಯಬೇಕಿಲ್ಲ. ದುಬೋಶೆ, ಜೋಕಿಂ ಫ್ರ್ಯಾಂಕ್, ರಿಚರ್ಡ್ ಹೆಂಡರ್ಸನ್ ಮೂವರಿಗೆ ಇದಕ್ಕಾಗಿ 2017ರ ನೊಬೆಲ್ ಬಂತು. ಸ್ಟೊಯ್ಲೊವಾ ಈ ಗಾಜಿನ ನೀರಿನೊಳಕ್ಕೆ ಎಂಟನ್ನು ಇಳಿಸಿದರು. ಚಪ್ಪಟೆ ಹಾಸಿನ ಬದಲು ಕೊಬ್ಬಿನಿಂದಲೇ ಕಟ್ಟಿದ ಸೂಕ್ಷ್ಮ ಕೊಳವೆಗಳು, ಅವುಗಳ ಮೈಯಲ್ಲಿ ಫಾಸ್ಫಟಿಡಿಲ್‌ಸೆರೀನ್. ಎಂಟನೇ ಅಂಶ ಆ ಕೊಳವೆಯ ಸುತ್ತ ಬಳ್ಳಿಯಂತೆ ಸುರುಳಿಯಾಗಿ ಸುತ್ತಿಕೊಂಡು ಕೂರುತ್ತದೆ. ಸುರುಳಿಯಾದ್ದರಿಂದ ಒಂದೇ ಚಿತ್ರದಲ್ಲಿ ಅಣುವಿನ ಎಲ್ಲ ಮಗ್ಗುಲೂ ಸಿಗುತ್ತವೆ. 2008ರಲ್ಲಿ ಮೊದಲ ಚಿತ್ರಗಳು, 2013ರಲ್ಲಿ ತುಂಡುಗಳ ಜೋಡಣೆ, 2015ರಲ್ಲಿ ಅವು ಜೋಡಿಜೋಡಿಯಾಗಿಯೂ ಕೂರಬಲ್ಲವೆಂಬ ವರದಿ. 2021ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ತಂಡವೊಂದು ಹರಳಿನ ಹಂಗಿಲ್ಲದೆ ಐದನೇ ಅಂಶದ ರಚನೆಯನ್ನು ಇದೇ ಶೀತಲ ವಿದ್ಯೆಯಿಂದ ಬಿಡಿಸಿತು. ನಾನು ಒಂದು ಕಾಲದಲ್ಲಿ ಹಸಿರು ಪರದೆ ನೋಡಿದ ಬೆಂಗಳೂರಿನಲ್ಲಿಯೂ ಈಗ ಎನ್‌ಸಿಬಿಎಸ್ ಎಂಬ ಸಂಶೋಧನಾ ಸಂಸ್ಥೆಯ ಆವರಣದಲ್ಲಿ ರಾಷ್ಟ್ರೀಯ ಕ್ರಯೋ ಸೂಕ್ಷ್ಮದರ್ಶಕ ಕೇಂದ್ರವಿದೆ.

ಇದೆಲ್ಲ ಯಾರಿಗೆ ಬೇಕು ಎಂದು ಕೇಳುವವರಿಗೆ ನನ್ನ ಮಗಳ ಮಗನನ್ನು ತೋರಿಸುತ್ತೇನೆ. ಈ ಕೊರತೆ ತಾಯಂದಿರ ಮೂಲಕ ಹರಿಯುತ್ತದೆ. ನಮ್ಮಮ್ಮನಿಂದ ನನಗೆ, ನನ್ನಿಂದ ಮಗಳಿಗೆ, ಅವಳಿಂದ ಅವನಿಗೆ. ಈಗ ಹನ್ನೆರಡು ವರ್ಷ. ಬೀದಿಯಲ್ಲಿ ಕ್ರಿಕೆಟ್ ಆಡುತ್ತಾನೆ. ಅವನಿಗೆ ಚರ್ಮದ ಕೆಳಗೆ ಕೊಡುವ ಎಮಿಸಿಜುಮಾಬ್ ಎಂಬ ಔಷಧ ಸಿಗುತ್ತಿದೆ, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಅದು ಎಂಟನೇ ಅಂಶವಲ್ಲ. ಎರಡು ಕೈಗಳ ಪ್ರತಿಕಾಯ: ಒಂದು ಕೈ ಒಂಬತ್ತನ್ನೂ ಇನ್ನೊಂದು ಕೈ ಹತ್ತನ್ನೂ ಹಿಡಿದು ಹತ್ತಿರ ತರುತ್ತದೆ. ಎಂಟು ಮಾಡುತ್ತಿದ್ದುದು ಹಿಡಿದು ಕೂರಿಸುವ ಕೆಲಸ ಎಂಬ ತಿಳಿವಳಿಕೆಯಿಂದ ಹುಟ್ಟಿದ ಮದ್ದು ಇದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಐವರು ಹಿಮೋಫಿಲಿಯಾ ಎ ರೋಗಿಗಳಿಗೆ ಜೀನ್ ಚಿಕಿತ್ಸೆ ಕೊಟ್ಟ ವರದಿ 2024ರಲ್ಲಿ ಬಂದಿದೆ. ಸ್ಟೀಫನ್ ಕ್ರಿಸ್ಮಸ್ 1993ರಲ್ಲಿ ತೀರಿಕೊಂಡದ್ದು, ತನ್ನನ್ನು ಉಳಿಸುತ್ತಿದ್ದ ರಕ್ತದಿಂದಲೇ ಬಂದ ಏಡ್ಸ್‌ನಿಂದ. ಆ ತಲೆಮಾರು ತೆತ್ತ ಬೆಲೆಯನ್ನು ಈ ಹುಡುಗರು ಓಡುವಾಗ ನಾನು ಮರೆಯಲಾರೆ.

ಕಳೆದ ವರ್ಷ ಮೊಮ್ಮಗ ನನ್ನ ಹಳೆಯ ಕೆಲಸ ನೋಡಬೇಕೆಂದು ಹಟ ಹಿಡಿದ. ಪರಿಚಯದ ಲ್ಯಾಬಿನಲ್ಲಿ ಒಂದು ಗಾಜಿನ ಕೊಳವೆ, ಸ್ಟಾಪ್‌ವಾಚ್, ಸೆಫಾಲಿನ್ ಕೇಳಿ ತೆಗೆದುಕೊಂಡೆ. ಈಗ ಯಾರೂ ಮೆದುಳು ಅರೆಯುವುದಿಲ್ಲ, ಸೀಸೆ ಕಂಪನಿಯಿಂದ ಬರುತ್ತದೆ. ಅವನ ಪ್ಲಾಸ್ಮಾ ಹಾಕಿದೆ. ಈ ಔಷಧ ತೆಗೆದುಕೊಳ್ಳುವವರಲ್ಲಿ ಎಪಿಟಿಟಿಯ ಅಂಕಿ ನಂಬುವಂತಿಲ್ಲ, ಔಷಧ ಸ್ವಲ್ಪವೇ ಇದ್ದರೂ ಅದು ಸಹಜಕ್ಕೆ ಇಳಿಯುತ್ತದೆ ಎಂದು ಅವನಿಗೆ ಮೊದಲೇ ಹೇಳಿದ್ದೆ. ಹಾಗೆಯೇ ಆಯಿತು. ಅರ್ಧ ನಿಮಿಷ ತುಂಬುವ ಮೊದಲೇ ನನ್ನ ಕೈಯಲ್ಲಿ ಪ್ಲಾಸ್ಮಾ ನಿಂತಿತು.

“ಅಜ್ಜಿ, ಆ ಹಾಲಿನಂಥದ್ದು ಹಾಕದೇ ಹೋದರೆ?” ಎಂದ.

ಹಾಕದೆ ತೋರಿಸಿದೆ. ಜೇಡಿ ಇತ್ತು, ಕ್ಯಾಲ್ಸಿಯಂ ಇತ್ತು, ಅವನ ಒಂಬತ್ತು ಮತ್ತು ಹತ್ತು ಇದ್ದವು, ಅವನ್ನು ಹಿಡಿಯುವ ಹೊಸ ಮದ್ದೂ ಇತ್ತು. ಕೊಳವೆಯನ್ನು ಅವನ ಕೈಗೇ ಕೊಟ್ಟೆ. ಅವನು ಓರೆ ಮಾಡಿದ, ಮತ್ತೆ ಓರೆ ಮಾಡಿದ. ನಿಮಿಷ ದಾಟಿದರೂ ಅದು ಹರಿಯುತ್ತಲೇ ಇತ್ತು.